ಆಫೀಸು ಮನೆಗೆ ಬಂದ ಮೇಲೆ ಕರೆಂಟ್ ಬಿಲ್ ಯಾರ ಲೆಕ್ಕಕ್ಕೆ?

ಹುಬ್ಬಳ್ಳಿಯ ವಿದ್ಯಾನಗರ, ಧಾರವಾಡದ ಸಪ್ತಾಪುರ, ಗದಗಿನ ಹುಡ್ಕೋ ಕಾಲೊನಿ, ಹಾವೇರಿಯ ಬಸವೇಶ್ವರ ನಗರ. ಯಾವ ಓಣಿಗೆ ಹೋದರೂ ಬೆಂಗಳೂರು ಅಥವಾ ಪುಣೆಯ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವವರು ಸಿಗುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಬ್ಯಾಗ್ ಹಿಡಿದು ಊರಿಗೆ ಬಂದವರಲ್ಲಿ ಬಹಳ ಮಂದಿ ವಾಪಸ್ ಹೋದರು. ಕೆಲವರು ಇಲ್ಲೇ ಉಳಿದರು. ಇನ್ನು ಕೆಲವರು ಬೆಂಗಳೂರಿನ ಬಾಡಿಗೆ, ಟ್ರಾಫಿಕ್ ಸಾಕಾಗಿ ಆಮೇಲೆ ಬಂದರು. ಅಪ್ಪ-ಅವ್ವನ ಜೊತೆ ಇರಬಹುದು, ಮನೆ ಊಟ ಸಿಗುತ್ತದೆ, ಊರಿನ ದುಡ್ಡು ಊರಲ್ಲೇ ಓಡಾಡುತ್ತದೆ. ಇದು ಒಳ್ಳೆಯ ಬದಲಾವಣೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಕೆಲಸ ಮನೆಗೆ ಬಂದಾಗ ಅದರ ಖರ್ಚೂ ಜೊತೆಗೆ ಬರುತ್ತದೆ. ಫ್ಯಾನು, ಲೈಟು, ಕಂಪ್ಯೂಟರು, ಇಂಟರ್ನೆಟ್ಟು, ಚಹಾ, ಮಧ್ಯಾಹ್ನದ ಊಟ. ಮೊದಲು ಇವೆಲ್ಲ ಆಫೀಸಿನ ಲೆಕ್ಕದಲ್ಲಿದ್ದವು. ಈಗ ಮನೆಯ ಮೀಟರಿನಲ್ಲಿವೆ. ಇದರ ನಡುವೆ ಇಂಧನದ ದರ ಏರಿದೆ, ಸರ್ಕಾರದ ನೆರವೂ ಬಂದಿದೆ. ಆ ನೆರವು ಮನೆಯನ್ನು ಊಟ-ನಿದ್ದೆಯ ಜಾಗ ಎಂದಷ್ಟೇ ನೋಡುತ್ತದೆ. ಮನೆಯಲ್ಲಿ ದುಡಿಮೆಯೂ ನಡೆಯುತ್ತದೆ ಎಂಬುದು ಅದರ ಲೆಕ್ಕಕ್ಕೆ ಬಂದಿಲ್ಲ. ಧಾರವಾಡ, ಗದಗ, ಹಾವೇರಿ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಇದರ ಪೆಟ್ಟು ಯಾರಿಗೆ, ಹೇಗೆ ಬೀಳುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಬಿಲ್ಲಿನಲ್ಲಿ ಏನೇನಿದೆ

ಧಾರವಾಡ, ಗದಗ, ಹಾವೇರಿ ಸೇರಿ ಏಳು ಜಿಲ್ಲೆಗಳಿಗೆ ಕರೆಂಟ್ ಕೊಡುವುದು ಹೆಸ್ಕಾಂ. ಅದರ ಮುಖ್ಯ ಕಚೇರಿ ಹುಬ್ಬಳ್ಳಿಯ ನವನಗರದಲ್ಲಿದೆ. ಆದರೆ ದರ ನಿಗದಿ ಮಾಡುವುದು ಹೆಸ್ಕಾಂ ಅಲ್ಲ, ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ.

2023ರ ಮೇ ತಿಂಗಳಲ್ಲಿ ಆಯೋಗ ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಸಿತು. ಜೂನ್ ಬಿಲ್ ಕೈಗೆ ಬಂದಾಗ ಇಲ್ಲಿನ ಸಣ್ಣ ಕೈಗಾರಿಕೆಗಳವರು ಕಂಗಾಲಾದರು. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಜೂನ್ 22ರಂದು ಬಂದ್‌ಗೆ ಕರೆ ಕೊಟ್ಟಿತು. ಆಗ ಮನೆಗಳಿಗೆ 100 ಯೂನಿಟ್‌ವರೆಗೆ 4.75 ರೂಪಾಯಿ ದರವಿತ್ತು. 100 ದಾಟಿದರೆ ಅಷ್ಟೂ ಯೂನಿಟ್‌ಗೆ 7 ರೂಪಾಯಿ. 2024ರ ಏಪ್ರಿಲ್‌ನಿಂದ ಈ ಎರಡು ಹಂತ ಹೋಗಿ ಎಲ್ಲರಿಗೂ 5.90 ಆಯಿತು. 2025-26ಕ್ಕೆ ಅದು 5.80ಕ್ಕೆ ಇಳಿಯಿತು.

ಇಳಿದಿದೆ ಅಂದರೆ ಬಿಲ್ ಕಡಿಮೆ ಬರಬೇಕು, ಅಲ್ವಾ? ಹಾಗಾಗಲಿಲ್ಲ. ಯೂನಿಟ್ ದರ 10 ಪೈಸೆ ಇಳಿದಾಗಲೇ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120ರಿಂದ 145 ರೂಪಾಯಿಗೆ ಏರಿತು. ಆ ದರದಲ್ಲಿ 3 ಕಿಲೋವ್ಯಾಟ್ ಮಂಜೂರಾದ ಮನೆಗೆ ಬೀಗ ಹಾಕಿದ್ದರೂ ತಿಂಗಳಿಗೆ 435 ರೂಪಾಯಿ ಲೆಕ್ಕ. ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತಿಗೆ ಯೂನಿಟ್‌ಗೆ 36 ಪೈಸೆ ಹೊಸದಾಗಿ ಸೇರಿತು. ಮೇಲೆ ಶೇ 9ರ ತೆರಿಗೆ. ಅದರ ಜೊತೆಗೆ ತಿಂಗಳು ತಿಂಗಳು ಬದಲಾಗುವ ಇಂಧನ ಹಾಗೂ ವಿದ್ಯುತ್ ಖರೀದಿ ಹೊಂದಾಣಿಕೆ ಶುಲ್ಕ ಬೇರೆ.

ಈ ಕೊನೆಯ ಶುಲ್ಕ ಎಲ್ಲಿಂದ ಹುಟ್ಟುತ್ತದೆ ಎಂಬುದು ಗೊತ್ತಿರಬೇಕು. ಮಳೆ ಕೈಕೊಟ್ಟು ಲಿಂಗನಮಕ್ಕಿ, ಸೂಪಾ ಜಲಾಶಯಗಳಲ್ಲಿ ನೀರು ಕಡಿಮೆಯಾದರೆ ಅಗ್ಗದ ಜಲವಿದ್ಯುತ್ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ರೈತರ ಪಂಪ್‌ಸೆಟ್‌ಗಳು ಜಾಸ್ತಿ ಓಡುತ್ತವೆ. ಆಗ ರಾಜ್ಯ ಹೊರಗಿನಿಂದ ಕರೆಂಟ್ ಕೊಳ್ಳಬೇಕು. ವಿದ್ಯುತ್ ವಿನಿಮಯ ಮಾರುಕಟ್ಟೆಯಲ್ಲಿ ದರ ಯೂನಿಟ್‌ಗೆ 10 ರೂಪಾಯಿವರೆಗೂ ಹೋಗಲು ಅವಕಾಶವಿದೆ. 2023ರ ಬರದಲ್ಲಿ ರಾಜ್ಯ ಈ ಇಕ್ಕಟ್ಟನ್ನು ಕಂಡಿತು. ಅಂಥ ಖರೀದಿಯ ಹೆಚ್ಚುವರಿ ಖರ್ಚು ನಿಧಾನಕ್ಕೆ ನಮ್ಮ ಬಿಲ್ಲಿಗೇ ಬರುತ್ತದೆ.

ಗದಗಿನವರು ಕೇಳುವ ಪ್ರಶ್ನೆ ಒಂದಿದೆ: ಕಪ್ಪತಗುಡ್ಡದ ಸುತ್ತ, ಮುಂಡರಗಿ, ಗಜೇಂದ್ರಗಡದ ಕಡೆ ಇಷ್ಟೊಂದು ಗಾಳಿಯಂತ್ರಗಳಿವೆ, ನಮಗ್ಯಾಕೆ ಕರೆಂಟ್ ಅಗ್ಗವಿಲ್ಲ? ನ್ಯಾಯವಾದ ಪ್ರಶ್ನೆ. ಅಲ್ಲಿ ಹುಟ್ಟುವ ವಿದ್ಯುತ್ ನೇರ ಗದಗಿನ ಮನೆಗೆ ಬರುವುದಿಲ್ಲ, ದೊಡ್ಡ ಜಾಲಕ್ಕೆ ಸೇರುತ್ತದೆ. ಮನೆ ದರ ರಾಜ್ಯಕ್ಕೆಲ್ಲ ಒಂದೇ. ಇನ್ನೊಂದು ತೊಡಕು ಕಾಲದ್ದು. ಗಾಳಿ ಜೋರಾಗಿ ಬೀಸುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಫ್ಯಾನು, ಕೂಲರು, ಪಂಪ್‌ಸೆಟ್ಟು ಎಲ್ಲಕ್ಕೂ ಕರೆಂಟ್ ಬೇಕಾಗುವುದು ಫೆಬ್ರುವರಿಯಿಂದ ಮೇವರೆಗೆ.

ಮನೆಯಲ್ಲಿ ಕೂತರೆ ಎಷ್ಟು ಯೂನಿಟ್?

ಮನೆಯಿಂದ ಕೆಲಸ ಮಾಡಿದರೆ ಬಿಲ್ ಎಷ್ಟು ಏರುತ್ತದೆ ಎಂಬುದನ್ನು ಅಂದಾಜಿನಲ್ಲಿ ಹೇಳಬಹುದು. ದಿನಕ್ಕೆ 9 ಗಂಟೆ, ತಿಂಗಳಿಗೆ 22 ದಿನ ಅಂತಿಟ್ಟುಕೊಳ್ಳಿ. 60 ವ್ಯಾಟ್ ಲ್ಯಾಪ್‌ಟಾಪ್‌ಗೆ 12 ಯೂನಿಟ್. ಬೇರೆ ಮಾನಿಟರ್ ಇದ್ದರೆ ಇನ್ನೊಂದು 5. ಹಳೆಯ 75 ವ್ಯಾಟ್ ಫ್ಯಾನಿಗೆ 15. ಒಟ್ಟು 30ರಿಂದ 35 ಯೂನಿಟ್. ಲ್ಯಾಪ್‌ಟಾಪ್‌ಗಿಂತ ಹಳೆಯ ಫ್ಯಾನೇ ಜಾಸ್ತಿ ತಿನ್ನುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಅದರ ಬದಲು ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದರೆ ಈ 15 ಅರ್ಧಕ್ಕಿಳಿಯುತ್ತದೆ.

ಇಷ್ಟಕ್ಕೇ ನಿಂತರೆ ತೊಂದರೆಯಿಲ್ಲ. ಆದರೆ ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲು ಗೊತ್ತಲ್ಲ. ಆಫೀಸಿನಲ್ಲಾದರೆ ಎಸಿ ಇರುತ್ತಿತ್ತು. ಮನೆಯಲ್ಲಿ ಕೂಲರ್ ಹಾಕಿದರೆ ಇನ್ನೊಂದು 30 ಯೂನಿಟ್. ದಿನಕ್ಕೆ ಐದು ಗಂಟೆ ಎಸಿ ಹಾಕಿದರೆ 120ರ ಆಸುಪಾಸು.

ಈಗ ಇದನ್ನು ಗೃಹಜ್ಯೋತಿಯ ಪಕ್ಕ ಇಟ್ಟು ನೋಡಿ. 2023ರ ಜುಲೈನಲ್ಲಿ ಶುರುವಾದ ಈ ಯೋಜನೆಯನ್ನು ಎಲ್ಲರೂ 200 ಯೂನಿಟ್ ಫ್ರೀ ಅಂತ ಹೇಳುತ್ತಾರೆ. ನಿಜಕ್ಕೂ ಅದು ಹಾಗಿಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿದರೆ ಅದು ನಿಮ್ಮ ಉಚಿತ ಮಿತಿ. 48 ಯೂನಿಟ್‌ಗಿಂತ ಕಡಿಮೆ ಬಳಸುತ್ತಿದ್ದ ಮನೆಗಳಿಗೆ ಶೇ 10ರ ಬದಲು 10 ಯೂನಿಟ್ ಸೇರಿಸಲು 2024ರ ಜನವರಿಯಲ್ಲಿ ಸರ್ಕಾರ ಒಪ್ಪಿತು. ಹಳೆಯ ಲೆಕ್ಕವೇ ಇಲ್ಲದ ಹೊಸ ಸಂಪರ್ಕಕ್ಕೆ 58 ಯೂನಿಟ್. ಮಿತಿ ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿದರೆ ಇಡೀ ಬಿಲ್ ನಿಮ್ಮದೇ.

ಧಾರವಾಡದ ಒಂದು ಮನೆಯನ್ನು ಊಹಿಸಿಕೊಳ್ಳಿ. 2022-23ರಲ್ಲಿ ಅಪ್ಪ, ಅವ್ವ ಇಬ್ಬರೇ ಇದ್ದರು. ತಿಂಗಳಿಗೆ 110 ಯೂನಿಟ್. ಹಾಗಾಗಿ ಉಚಿತ ಮಿತಿ 121. ಬಿಲ್ ಸೊನ್ನೆ. ಈಗ ಮಗಳು ಬೆಂಗಳೂರಿನಿಂದ ಬಂದು ಮೇಲಿನ ಕೋಣೆಯಲ್ಲಿ ಕೆಲಸಕ್ಕೆ ಕೂತಿದ್ದಾಳೆ. ಬರೀ ಫ್ಯಾನು, ಲ್ಯಾಪ್‌ಟಾಪ್, ಮಾನಿಟರ್ ಆದರೆ 142 ಯೂನಿಟ್. 2025-26ರ ದರದಲ್ಲಿ ಕಟ್ಟಬೇಕಾದ್ದು 140 ರೂಪಾಯಿ ಸುಮಾರು. ಕೂಲರ್ ಸೇರಿದರೆ 350 ಆಸುಪಾಸು. ಎಸಿ ಹಾಕಿದರೆ ಬಳಕೆ 260 ದಾಟುತ್ತದೆ, ಗೃಹಜ್ಯೋತಿ ಪೂರ್ತಿ ಕೈಬಿಡುತ್ತದೆ, ಬಿಲ್ 2,200ರ ಹತ್ತಿರ ಬರುತ್ತದೆ.

ಮಧ್ಯದಲ್ಲಿ ಒಂದು ಪ್ರಪಾತವಿದೆ, ನೋಡಿದಿರಾ? ಅದೇ ಮನೆ 200 ಯೂನಿಟ್‌ಗೆ ನಿಂತರೆ 530 ರೂಪಾಯಿ ಸಾಕು. 201 ಆದರೆ, 3 ಕಿಲೋವ್ಯಾಟ್ ಮನೆಗೆ, ಸುಮಾರು 1,780. ಹೊಂದಾಣಿಕೆ ಶುಲ್ಕ ಬಿಟ್ಟು ಹಾಕಿದ ಲೆಕ್ಕ ಇದು. ಒಂದೇ ಒಂದು ಯೂನಿಟ್‌ಗೆ 1,250 ರೂಪಾಯಿ ವ್ಯತ್ಯಾಸ. "ಈ ಸಲ ಬಿಲ್ ಎಷ್ಟ್ ಬಂತ್ರೀ?" ಎಂಬ ಪ್ರಶ್ನೆಗೆ ಒಂದೇ ಓಣಿಯ ಎರಡು ಮನೆಗಳಲ್ಲಿ ಅಷ್ಟು ಬೇರೆ ಬೇರೆ ಉತ್ತರ ಬರುವುದು ಇದಕ್ಕೇ.

ಮೀಟರ್ ಓದುವವರನ್ನು ಬೈದು ಪ್ರಯೋಜನವಿಲ್ಲ. ಯೋಜನೆಯನ್ನು ರೂಪಿಸಿದ ರೀತಿಯೇ ಹಾಗಿದೆ. ಅದು 2022-23ರ ನಿಮ್ಮ ಮನೆಯನ್ನು ಹಾಗೇ ಹಿಡಿದಿಟ್ಟುಕೊಂಡಿದೆ. ಆ ವರ್ಷ ಮನೆಯಲ್ಲಿ ಕೂತು ಕೆಲಸ ಮಾಡಿದವರ ಮಿತಿ ದೊಡ್ಡದಿದೆ. ಆಮೇಲೆ ಬಂದವರದ್ದು ಸಣ್ಣದು. ಹೊಸ ಮನೆ ಕಟ್ಟಿಸಿದವರಿಗೆ 58 ಯೂನಿಟ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಫ್ಯಾನು, ಲ್ಯಾಪ್‌ಟಾಪ್, ಮಾನಿಟರ್‌ಗೇ ಹೋಗುತ್ತದೆ. ಬೆಂಗಳೂರಿನ ಬಾಡಿಗೆ ಮನೆಗೆ ಆಧಾರ್ ಜೋಡಿಸಿದ್ದವರು ಒಂದು ವಿಷಯ ಗಮನದಲ್ಲಿಡಿ. ಅಲ್ಲಿನ ಆರ್.ಆರ್. ನಂಬರ್‌ನಿಂದ (ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ಆಧಾರ್ ಬಿಡಿಸಿ ಇಲ್ಲಿನ ಮೀಟರ್‌ಗೆ ಜೋಡಿಸಲು 2024ರಿಂದ ಅವಕಾಶವಿದೆ. ಇದನ್ನು ಮಾಡದೆ ಸುಮ್ನೆ ಪೂರ್ತಿ ಬಿಲ್ ಕಟ್ಟಬೇಡಿ.

ಇನ್ನೊಂದು ಪಕ್ಕದ ಲೆಕ್ಕವನ್ನೂ ಹೇಳಬೇಕು. ಧಾರವಾಡದಿಂದ ಹುಬ್ಬಳ್ಳಿಗೆ ಬೈಕಿನಲ್ಲಿ ಹೋಗಿ ಬಂದರೆ ದಿನಕ್ಕೆ 40 ಕಿಲೋಮೀಟರ್. ಲೀಟರ್‌ಗೆ 45 ಕಿಲೋಮೀಟರ್ ಕೊಡುವ ಗಾಡಿಗೆ, 100 ರೂಪಾಯಿ ದಾಟಿದ ಪೆಟ್ರೋಲಿನಲ್ಲಿ, ತಿಂಗಳಿಗೆ 2 ಸಾವಿರ ಹೋಗುತ್ತದೆ. ಎಸಿ ಹಾಕದೆ ಮನೆಯಲ್ಲಿ ಕೂತವರಿಗೆ ಖಂಡಿತ ಉಳಿತಾಯವಿದೆ. ಚಿಗರಿ ಬಸ್ಸಿನಲ್ಲಿ ಓಡಾಡುತ್ತಿದ್ದವರಿಗೆ ಅಷ್ಟು ಉಳಿಯುವುದಿಲ್ಲ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿದ್ದು, 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿದ್ದು ಎರಡೂ ಮನೆ ಕೆಲಸದ ಕಡೆಗೇ ತಕ್ಕಡಿಯನ್ನು ವಾಲಿಸಿದವು.

ಕಂಪನಿಗಂತೂ ಸ್ಪಷ್ಟ ಲಾಭ. ವಾಣಿಜ್ಯ ದರ ಮನೆ ದರಕ್ಕಿಂತ ಜಾಸ್ತಿ. ನೌಕರ ಮನೆಯಲ್ಲಿ ಕೂತರೆ ಆ ದರದ ಕರೆಂಟ್ ಉಳಿಯುತ್ತದೆ, ಬಾಡಿಗೆ ಉಳಿಯುತ್ತದೆ. ಸಂಬಳದಾರನಿಗೆ ಮನೆಯ ಕರೆಂಟ್ ಬಿಲ್ ತೋರಿಸಿ ಆದಾಯ ತೆರಿಗೆಯಲ್ಲಿ ಬೇರೆ ರಿಯಾಯಿತಿ ಕೇಳಲು ದಾರಿಯಿಲ್ಲ. ಹಾಗಾಗಿ ಇಂಟರ್ನೆಟ್, ಕರೆಂಟ್‌ಗೆ ತಿಂಗಳಿಗೆ ಇಷ್ಟು ಅಂತ ಭತ್ಯೆ ಕೊಡುವುದು ಕಂಪನಿಯ ಕರ್ತವ್ಯ ಎಂದೇ ನನ್ನ ನಂಬಿಕೆ. ಬೆಂಗಳೂರಿನ ಹೊರಗೆ ಉದ್ಯೋಗ ಬೆಳೆಯಲಿ ಎಂದು ಸರ್ಕಾರ ಹುಬ್ಬಳ್ಳಿ-ಧಾರವಾಡ-ಬೆಳಗಾವಿಯನ್ನು ಒಂದು ಗುಂಪಾಗಿ ಬೆಳೆಸಲು ಹೊರಟಿದೆ. ಅದರ ಮಾತೆಲ್ಲ ಕಟ್ಟಡ, ಕ್ಯಾಂಪಸ್, ಐಟಿ ಪಾರ್ಕ್ ಸುತ್ತಲೇ ಇದೆ. ಮನೆಯ ಕೋಣೆಯಲ್ಲಿ ಕೂತ ನೌಕರನ ಖರ್ಚು ಯಾರದು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ಮೊದಲಿಂದಲೂ ಮನೆಯಲ್ಲೇ ದುಡಿಯುವವರು

ವರ್ಕ್ ಫ್ರಮ್ ಹೋಮ್ ಅಂದ ಕೂಡಲೇ ನಮ್ಮ ಕಣ್ಣಿಗೆ ಲ್ಯಾಪ್‌ಟಾಪ್ ಬರುತ್ತದೆ. ಆದರೆ ಹುಬ್ಬಳ್ಳಿ, ಗದಗ, ಹಾವೇರಿಯಲ್ಲಿ ಲ್ಯಾಪ್‌ಟಾಪ್ ಹುಟ್ಟುವ ಮೊದಲೇ ಮನೆಯಿಂದ ಕೆಲಸ ನಡೆಯುತ್ತಿತ್ತು. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ರೊಟ್ಟಿ ಬಡಿದು ಕೊಡುವ ಹೆಣ್ಣುಮಕ್ಕಳು. ಶೇಂಗಾ ಹಿಂಡಿ, ಹಪ್ಪಳ, ಸಂಡಿಗೆ ಮಾಡಿ ಮಾರುವವರು. ಧಾರವಾಡದ ಕಸೂತಿ ಹಾಕುವವರು. ಬ್ಲೌಸ್ ಹೊಲಿಯುವವರು. ಬೆಟಗೇರಿಯ, ರಾಣೆಬೆನ್ನೂರು ತಾಲ್ಲೂಕಿನ ತುಮ್ಮಿನಕಟ್ಟಿಯ ನೇಕಾರರು. ಇವರ ಮನೆಯೇ ಇವರ ಕಾರ್ಖಾನೆ. ಇಂಧನ ದುಬಾರಿಯಾದರೆ ಮೊದಲು ಕೈ ಸುಡುವುದು ಇವರದ್ದೇ.

ರೊಟ್ಟಿಯನ್ನೇ ತೆಗೆದುಕೊಳ್ಳಿ. ಜೋಳ ಬೀಸುವ ಗಿರಣಿ ಕರೆಂಟಿನ ಮೇಲೆ ಓಡುತ್ತದೆ. ಬೇಯಿಸುವುದು ಗ್ಯಾಸಿನ ಮೇಲೆ. ದೇಶಕ್ಕೆ ಬೇಕಾದ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ, ಅದರಲ್ಲೂ ಬಹುಪಾಲು ಕೊಲ್ಲಿ ದೇಶಗಳಿಂದ, ಹಾರ್ಮುಜ್ ಜಲಸಂಧಿ ದಾಟಿ. ಅಲ್ಲಿ ಏನಾದರೂ ಆದರೆ ಹಳೇ ಹುಬ್ಬಳ್ಳಿಯ ಒಲೆಗೂ ಅದು ತಟ್ಟುತ್ತದೆ. 2023ರ ಆಗಸ್ಟ್‌ನಲ್ಲಿ 200, 2024ರ ಮಾರ್ಚ್‌ನಲ್ಲಿ 100 ರೂಪಾಯಿ ಇಳಿದ ಸಿಲಿಂಡರ್ 2025ರ ಏಪ್ರಿಲ್‌ನಲ್ಲಿ ಮತ್ತೆ 50 ಏರಿತು. ಉಜ್ವಲಾ ಸಂಪರ್ಕ ಇದ್ದವರಿಗೆ ಸಿಲಿಂಡರ್‌ಗೆ 300 ರೂಪಾಯಿ ಸಹಾಯಧನವಿದೆ. ಆದರೆ ಆ ಸಹಾಯಧನ ಮನೆ ಅಡುಗೆಗೆ. ವ್ಯಾಪಾರದ ಅಡುಗೆಗೆ 14.2 ಕೆ.ಜಿ. ಸಿಲಿಂಡರ್ ಬಳಸಬಾರದು, 19 ಕೆ.ಜಿ.ಯದ್ದು ಕೊಳ್ಳಬೇಕು. ಅದಕ್ಕೆ ಸಹಾಯಧನವಿಲ್ಲ. ದಿನಕ್ಕೆ ನೂರಿನ್ನೂರು ರೊಟ್ಟಿ ಮಾಡುವ ಹೆಣ್ಣುಮಗಳು ಮನೆ ಊಟಕ್ಕೆ ಒಂದು, ಮಾರಾಟಕ್ಕೆ ಒಂದು ಅಂತ ಎರಡು ಒಲೆ ಇಟ್ಟುಕೊಳ್ಳಲು ಆಗುತ್ತದಾ? ನಿಯಮ ಮಾಡಿದವರು ಹೋಟೆಲನ್ನು ನೆನೆದು ಮಾಡಿದರು. ಇಂಥ ಅಡುಗೆಮನೆ ಅವರ ಮುಂದೆ ಇರಲಿಲ್ಲ.

ಕರೆಂಟಿನಲ್ಲೂ ಇದೇ ಕಥೆ. ಗೃಹಜ್ಯೋತಿ ಮನೆ ಬಳಕೆಗೆ ಮಾತ್ರ. ಮನೆಯಲ್ಲಿ ರೊಟ್ಟಿ ಯಂತ್ರ ಇಟ್ಟರೆ, ಮಸಾಲೆ ಕುಟ್ಟುವ ಸಣ್ಣ ಗಿರಣಿ ಹಾಕಿದರೆ ಅದು ಬೇರೆ ದರಕ್ಕೆ ಹೋಗುತ್ತದೆ, ಬೇರೆ ಮೀಟರ್ ಬೇಕಾಗುತ್ತದೆ. ಮನೆ ಮೀಟರ್‌ನಲ್ಲೇ ನಡೆಸಿ ಸಿಕ್ಕಿಬಿದ್ದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಇದೆ. ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಿದರೆ ಆ ವರ್ಗದ ದರದ ಎರಡು ಪಟ್ಟು ವಸೂಲಿ. ಯಾವಾಗಿನಿಂದ ಅಂತ ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳ ಲೆಕ್ಕ ಹಾಕಬಹುದು.

ಪಕ್ಕದ ಮನೆಯಲ್ಲಿ ದೊಡ್ಡ ಕಂಪನಿಗೆ ದಿನವಿಡೀ ಕೆಲಸ ಮಾಡುವ ಎಂಜಿನಿಯರ್ ಮನೆ ದರದಲ್ಲೇ ಕರೆಂಟ್ ಬಳಸುತ್ತಾನೆ. ಅದು ಸರಿಯೇ, ಅವನಿಗೆ ವಾಣಿಜ್ಯ ದರ ಹಾಕಿ ಅಂತ ನಾನು ಹೇಳುತ್ತಿಲ್ಲ. ಅದೇ ಗೋಡೆಯ ಈಚೆ ಎರಡು ಪುಟ್ಟ ಯಂತ್ರ ಇಟ್ಟುಕೊಂಡ ಹೆಣ್ಣುಮಗಳಿಗೆ ದಂಡದ ಭಯ ಯಾಕಿರಬೇಕು? ಇಬ್ಬರೂ ಮನೆಯಲ್ಲೇ ದುಡಿಯುತ್ತಿದ್ದಾರೆ. ಅವಳ ಆದಾಯ ಅವನದರ ಹತ್ತಿರಕ್ಕೂ ಬರುವುದಿಲ್ಲ.

ಇದನ್ನು ಸರಿಮಾಡಲು ಆಗುವುದಿಲ್ಲ ಅನ್ನುವ ಹಾಗಿಲ್ಲ. ನೇಕಾರರಿಗೆ ಸರ್ಕಾರ ಈಗಾಗಲೇ ಮಾಡಿದೆ. 10 ಅಶ್ವಶಕ್ತಿವರೆಗಿನ ವಿದ್ಯುತ್ ಮಗ್ಗಗಳಿಗೆ ತಿಂಗಳಿಗೆ 250 ಯೂನಿಟ್ ಉಚಿತ ಎಂದು 2023ರ ಬಜೆಟ್‌ನಲ್ಲಿ ಘೋಷಿಸಿತು. ಅಲ್ಲಿ ಯಾರೂ ನಿಮ್ಮ ಹಳೆಯ ಸರಾಸರಿ ಕೇಳುವುದಿಲ್ಲ. ಮಗ್ಗ ಎಷ್ಟು ದೊಡ್ಡದು ಎಂಬುದೇ ಅಳತೆ. ಅಂದರೆ ಮನೆಯ ದುಡಿಮೆಯನ್ನು ದುಡಿಮೆ ಎಂದೇ ಗುರುತಿಸಿ ನೆರವು ಕೊಡುವ ದಾರಿ ರಾಜ್ಯಕ್ಕೆ ಗೊತ್ತಿದೆ. ಮಗ್ಗಕ್ಕೆ ಇರುವ ಈ ಅಳತೆಯನ್ನು ಸ್ವಸಹಾಯ ಸಂಘಗಳ ರೊಟ್ಟಿ, ಹಪ್ಪಳ, ಹೊಲಿಗೆ ಕೆಲಸಕ್ಕೂ ತರಬೇಕು. ಒಂದೆರಡು ಕಿಲೋವ್ಯಾಟ್‌ವರೆಗಿನ ಯಂತ್ರ ಮನೆ ಮೀಟರ್‌ನಲ್ಲೇ ಓಡಲಿ, ದಂಡ ಬೇಡ. ಗೃಹಜ್ಯೋತಿಗೆ ವರ್ಷಕ್ಕೆ 10 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ತೆಗೆದಿಡುವ ರಾಜ್ಯಕ್ಕೆ ಇದು ದೊಡ್ಡ ಭಾರವಾಗುವುದಿಲ್ಲ.

ಸೋಲಾರ್ ಹಾಕಿಸಬೇಕಾ?

ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರುವರಿಯಲ್ಲಿ ಬಂತು. 1 ಕಿಲೋವ್ಯಾಟ್‌ಗೆ 30 ಸಾವಿರ, 2ಕ್ಕೆ 60 ಸಾವಿರ, 3 ಅಥವಾ ಅದಕ್ಕಿಂತ ಹೆಚ್ಚಿಗೆ 78 ಸಾವಿರ ರೂಪಾಯಿ ಸಹಾಯಧನ. ನಮ್ಮ ಬಿಸಿಲಿಗೆ 1 ಕಿಲೋವ್ಯಾಟ್‌ನಿಂದ ತಿಂಗಳಿಗೆ 110-120 ಯೂನಿಟ್ ಬರುತ್ತದೆ. ಮೇಲೆ ಹೇಳಿದ ಎಸಿ ಮನೆಗೆ 2 ಕಿಲೋವ್ಯಾಟ್ ಬಹುತೇಕ ಸಾಕು. ಅದೂ ಹಗಲಿನಲ್ಲೇ, ಕೆಲಸದ ಹೊತ್ತಿಗೆ ಸರಿಯಾಗಿ ಹುಟ್ಟುವ ಕರೆಂಟ್.

ಆದರೂ ಬಿಲ್ ಸೊನ್ನೆ ಬರುತ್ತಿರುವ ಮನೆಯವರು ಕೈಯಿಂದ ದುಡ್ಡು ಹಾಕಿ ಸೋಲಾರ್ ಹಾಕಿಸುವುದಾದರೂ ಯಾಕೆ? ರಾಜ್ಯದ ಒಂದು ಯೋಜನೆ ಕೇಂದ್ರದ ಇನ್ನೊಂದನ್ನು ಹೀಗೆ ತಡೆದು ನಿಲ್ಲಿಸಿದೆ. ಬಾಡಿಗೆ ಮನೆಯವರಿಗೆ ಮಾಳಿಗೆಯೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಸದ್ಯಕ್ಕೆ ಇದು ಸ್ವಂತ ಮನೆಯಿದ್ದು, 200 ದಾಟುವವರಿಗೆ ಮಾತ್ರ ಲಾಭದ ಮಾತು.

ಒಂದು ಎಚ್ಚರಿಕೆ. ಬ್ಯಾಟರಿ ಇಲ್ಲದ, ಜಾಲಕ್ಕೆ ಜೋಡಿಸಿದ ಸೋಲಾರ್, ಲೈನಿನ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಅದನ್ನು ಹಾಗೆ ಮಾಡಿರುತ್ತಾರೆ. ಕರೆಂಟ್ ಹೋದರೂ ಮೀಟಿಂಗ್ ನಡೆಯುತ್ತದೆ ಅಂದುಕೊಂಡು ಹಾಕಿಸಿದವರು ಆಮೇಲೆ ಬೇಜಾರಾಗುತ್ತಾರೆ. ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ನಿರ್ವಹಣೆ ಕೆಲಸ, ವಿದ್ಯುತ್ ವ್ಯತ್ಯಯ ಎಂಬ ಪ್ರಕಟಣೆ ಪೇಪರಿನಲ್ಲಿ ಬಂದ ದಿನ ಇನ್ವರ್ಟರ್ ಬೇಕೇ ಬೇಕು. ಹಿರೇಕೆರೂರು, ಸವಣೂರು, ರೋಣದ ಹಳ್ಳಿಗಳಿಂದ ಕೆಲಸ ಮಾಡುವವರಿಗೆ ಬಿಲ್ಲಿಗಿಂತ ಇದೇ ದೊಡ್ಡ ತಲೆನೋವು. ಕರೆಂಟ್ ಹೋದರೆ ರಜೆ ಕಳೆಯಬೇಕು, ಇಲ್ಲ ಬೈಕ್ ಹತ್ತಿ ಪಟ್ಟಣಕ್ಕೆ ಓಡಬೇಕು.

ಹೇಳಬೇಕಾದ ಜಾಗ

ದರ ಬದಲಿಸಲು ಹೆಸ್ಕಾಂ ಅರ್ಜಿ ಹಾಕಿದಾಗ ಕೆಇಆರ್‌ಸಿ ಜನರ ಆಕ್ಷೇಪಣೆ ಕರೆಯುತ್ತದೆ. ಪೇಪರಿನಲ್ಲಿ ಪ್ರಕಟಣೆ ಬರುತ್ತದೆ, ಬಹಿರಂಗ ವಿಚಾರಣೆ ನಡೆಯುತ್ತದೆ. ಯಾವ ಗ್ರಾಹಕರಾದರೂ ಬರೆದು ಕೊಡಬಹುದು, ಎದ್ದು ನಿಂತು ಮಾತಾಡಬಹುದು. ವಕೀಲರು ಬೇಕಿಲ್ಲ. ಅಲ್ಲಿಗೆ ಕೈಗಾರಿಕೆಯವರು ಹೋಗುತ್ತಾರೆ, ರೈತ ಸಂಘಟನೆಗಳವರು ಹೋಗುತ್ತಾರೆ. ಅವರ ಮಾತಿಗೆ ತೂಕವಿದೆ, ಯಾಕಂದರೆ ಅವರು ತಯಾರಾಗಿ ಬಂದಿರುತ್ತಾರೆ. ಮನೆಯಲ್ಲಿ ದುಡಿಯುವವರ ಪರವಾಗಿ ಅಲ್ಲಿ ಮಾತಾಡುವ ಸಂಘವಿಲ್ಲ.

ಆಯೋಗದ ಮುಂದೆ ಕೇಳಬಹುದಾದ್ದು ಮನೆಯೊಳಗಿನ ಸಣ್ಣ ಉದ್ಯೋಗಕ್ಕೆ ಮನೆ ದರವೇ ಇರಲಿ ಎಂಬುದು. ನಿಗದಿತ ಶುಲ್ಕ ಏರುವುದನ್ನು ಅಲ್ಲೇ ಪ್ರಶ್ನಿಸಬಹುದು. ಗೃಹಜ್ಯೋತಿಯ 200ರ ಪ್ರಪಾತ, 2022-23ರ ಹಳೆಯ ಸರಾಸರಿ ಇವೆರಡು ಆಯೋಗದ ಕೈಯಲ್ಲಿಲ್ಲ. ಅವು ರಾಜ್ಯ ಸರ್ಕಾರದ ಆದೇಶಗಳು, ಅದನ್ನು ಶಾಸಕರಿಗೆ, ಇಂಧನ ಇಲಾಖೆಗೆ ಬರೆಯಬೇಕು. 48 ಯೂನಿಟ್‌ಗಿಂತ ಕಡಿಮೆ ಬಳಸುವವರ ಲೆಕ್ಕವನ್ನು ಸರ್ಕಾರ ಒಮ್ಮೆ ಬದಲಿಸಿದೆ. 200 ದಾಟಿದವರಿಗೆ ಪೂರ್ತಿ ಬಿಲ್ ಬದಲು ದಾಟಿದಷ್ಟಕ್ಕೆ ಮಾತ್ರ ಹಾಕುವ ಹಾಗೆ, ಅಥವಾ 250ರವರೆಗೆ ಹಂತ ಹಂತವಾಗಿ ನೆರವು ಇಳಿಯುವ ಹಾಗೆ ಇನ್ನೊಮ್ಮೆ ಬದಲಿಸಲು ಕಾನೂನಿನ ಅಡ್ಡಿಯೇನೂ ಇಲ್ಲ. ಬೇಡಿಕೆ ಬರೆಯುವಾಗ ಎರಡು ಬೇಸಿಗೆ ತಿಂಗಳ, ಎರಡು ಮಳೆಗಾಲದ ಬಿಲ್ ಪ್ರತಿ ಲಗತ್ತಿಸಿ. ಯೂನಿಟ್, ಮಂಜೂರಾದ ಲೋಡು, ಉಚಿತ ಮಿತಿ ಮೂರೂ ಅದರಲ್ಲಿ ಇರುತ್ತವೆ.